ಅಲ್ಪವೆಂದು ಕಡೆಗಣಿಸದಿರೋಣ

ವಿದ್ಯುಚ್ಛಕ್ತಿಯೆಂದೊಡನೆ ಈ ಮುಂಬಯಿಯಲ್ಲಿ ಓದುವ ನಮ್ಮ ಕಣ್ಣ ಮುಂದೆ ಬರುವುದು ಓಡುವ ಲೋಕಲ್ ಗಾಡಿ, ಇರುಳನ್ನು ಹಗಲು ಮಾಡುವ ದೀಪಗಳ ಸಾಲು. ಸಕ್ಕರೆಯಿಂದ ವಿದ್ಯುತ್ತನ್ನು ಪಡೆಯುವ ಕೋಶವೊಂದಿದೆಯೆಂದು ಕೇಳಿದಾಗ, ‘ಅದರಿಂದ ಗಾಡಿ ಓಡೀತೆ?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಓಡಲಾರದು. ಆದರೆ ಶಕ್ತಿಯ ಯೋಗ್ಯತೆಯನ್ನು ಅದರ ಪ್ರಮಾಣದಿಂದಲೇ ಅಳೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಈ ಕೋಶದಲ್ಲಿ ದುಡಿಯುವವು ಕಿಣ್ವಗಳು. ನಾವು ಉಂಡ ಅನ್ನವನ್ನು ಅರಗಿಸುವವೂ ಇವೇ. ಒಂದು ವಿದ್ಯುದ್ವಾರದ ಮೇಲಿನ ಕಿಣ್ವವು ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅವು ತಂತಿಯಲ್ಲಿ ಹರಿದು ಇನ್ನೊಂದು ವಿದ್ಯುದ್ವಾರವನ್ನು ಸೇರಿದಾಗ, ಅಲ್ಲಿಯ ಕಿಣ್ವವು ಅವುಗಳ ನೆರವಿನಿಂದ ಆಮ್ಲಜನಕವನ್ನು ನೀರಾಗಿಸುತ್ತದೆ. ತಂತಿಯಲ್ಲಿನ ಈ ಹರಿವೇ ವಿದ್ಯುತ್ತು. 1964ರಲ್ಲಿಯೇ ಇಂತಹ ಪ್ರಯೋಗ ನಡೆದಿತ್ತು. ಆದರೆ ದೊರೆಯುವ ಶಕ್ತಿ ತೀರ ಅಲ್ಪ. ಒಂದು ಕೋಶದಿಂದ ಒಂದು ವೋಲ್ಟೂ ಹುಟ್ಟದು.

ಹನಿ ಹನಿ ಗೂಡಿದರೆ ಹಳ್ಳವೆಂದು ನಮ್ಮ ಹಿರಿಯರು ಹೇಳಿದ್ದಾರಷ್ಟೆ. 2014ರಲ್ಲಿ ಫ್ರಾನ್ಸ್ ದೇಶದ ಗ್ರೆನೋಬಲ್ಲಿನ ವಿಜ್ಞಾನಿಗಳು ಇದನ್ನೇ ಸಾಧಿಸಿ ತೋರಿಸಿದರು. ಅವರು ಕಿಣ್ವಗಳನ್ನು ಇಂಗಾಲದ ಅತಿಸೂಕ್ಷ್ಮ ನಳಿಕೆಗಳ ಮೇಲೆ ನೆಲೆಗೊಳಿಸಿದರು. ಈ ನಳಿಕೆಗಳ ಒಟ್ಟು ಮೇಲ್ಮೈ ಬಹು ವಿಶಾಲವಾದುದರಿಂದ ವಿದ್ಯುದಾವೇಶವು ಅಲ್ಲಿಯೇ ಕೂಡಿಕೊಳ್ಳುತ್ತದೆ. ಬೇಕಾದಾಗ ಅದನ್ನು ಒಮ್ಮೆಗೇ ಮಿಡಿತದಂತೆ ವ್ಯಯಿಸಬಹುದು. ಬಳಿಕ ಕೋಶವು ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ. ಗಳಿಸುವ ಕೈಯೇ ಕೂಡಿಡುವ ಕೈಯೂ ಆಯಿತು!

ಇದರ ಪ್ರಯೋಜನವೇನು? ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್ ಎಂಬ ಯಂತ್ರಕ್ಕೆ ಬೇಕಾದುದು ಇಂತಹ ಕಿರುಮಿಡಿತವೇ. ಕೆಲವು ವರ್ಷಗಳಲ್ಲಿ ಅದರ ಬ್ಯಾಟರಿ ತೀರಿದಾಗ ರೋಗಿಯು ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಬೇಕು. ಗ್ಲೂಕೋಸೂ ಆಮ್ಲಜನಕವೂ ನಮ್ಮ ದೇಹದಲ್ಲಿಯೇ ಇವೆ. 2010ರಲ್ಲಿ ಗ್ರೆನೋಬಲ್ಲಿನಲ್ಲಿಯೇ ಇಲಿಯ ಒಡಲೊಳಗಿಟ್ಟ ಇಂತಹ ಕೋಶವು ವಿದ್ಯುತ್ತನ್ನು ನೀಡಿತು. ಮನುಷ್ಯನಿಗೂ ಇದು ಒದಗಿದರೆ, ಮುದಿ ಜೀವವೊಂದಕ್ಕೆ ಕತ್ತಿಯ ನೋವು ತಪ್ಪೀತು.

ಅಡ್ಡಿಯೂ ಇದೆ. ಕಿಣ್ವಗಳು ಬಹುಕಾಲ ಬಾಳುವುದಿಲ್ಲ. ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಸೊರಗುತ್ತವೆ. ವರ್ಷಗಟ್ಟಲೆ ದುಡಿಯಬೇಕಾದ ಯಂತ್ರಕ್ಕೆ ಇದು ಸಾಲದು. ಅವುಗಳ ಬಾಳನ್ನು ಹೆಚ್ಚಿಸುವುದು ಹೇಗೆಂಬುದೇ ಈಗ ಬಿಡಿಸಬೇಕಾದ ಒಗಟು. ‘ಗಾಡಿ ಓಡೀತೆ?’ ಎಂದು ಕೇಳಿ ಸುಮ್ಮನಾಗುವವರಿಂದ ಅದು ಬಿಡದು. ‘ಯಾರ ನೋವು ತಗ್ಗೀತು?’ ಎಂದು ಕೇಳುವ ವಿದ್ಯಾರ್ಥಿಗಳು ನಾವಾಗೋಣ.