ಭಯದ ಯಜಮಾನಿಕೆ: ಐದು ಆಕ್ಷೇಪಗಳಿಗೆ ಉತ್ತರ

ಕಳೆದ ಶುಭ ಶುಕ್ರವಾರ ಅಮ್ಮಸಂದ್ರದಲ್ಲಿ ಆರಾಧನೆ ಮುಗಿದ ಮೇಲೆ ನಾನು ಹೇಳಿದ್ದು ಇಷ್ಟು: ಕ್ರಿಸ್ತನನ್ನು ನಂಬಿದವನಿಗೂ ಭಯ ಬರುತ್ತದೆ, ಆದರೆ ಆ ಭಯ ಅವನ ಯಜಮಾನನಾಗುವುದಿಲ್ಲ. ಈ ಮಾತಿಗೆ ಗೆಳೆಯರಿಂದ ಸಾಲುಸಾಲು ಆಕ್ಷೇಪ ಬಂದವು. ಅವರಲ್ಲಿ ದೇವರನ್ನೇ ಒಪ್ಪದ ವಿಚಾರವಾದಿಗಳಿದ್ದಾರೆ, ಮಠಕ್ಕೆ ನಡೆದುಕೊಳ್ಳುವ ಭಕ್ತರಿದ್ದಾರೆ. ಅತ್ಯಂತ ಖಾರವಾಗಿ ಮಾತಾಡಿದವರು ನಮ್ಮ ಸಭೆಯವರೇ ಒಬ್ಬರು. ಎಲ್ಲರೂ ಪ್ರಾಮಾಣಿಕವಾಗಿ ಕೇಳಿದ್ದಾರೆ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುವುದು ನನ್ನ ಕರ್ತವ್ಯ.

ಧರ್ಮ ಹುಟ್ಟಿದ್ದೇ ಭಯದಿಂದ, ಅದು ಭಯವನ್ನು ಹೇಗೆ ಕಳೆದೀತು ಎನ್ನುವುದು ಮೊದಲನೆಯ ಆಕ್ಷೇಪ. ಇದನ್ನು ಎತ್ತಿದವರು ಬರ್ಟ್ರಂಡ್ ರಸೆಲ್ ಹೆಸರು ಹೇಳಿದರು. ತಾನು ಏಕೆ ಕ್ರೈಸ್ತನಲ್ಲ ಎಂದು ರಸೆಲ್ 1927ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದ ಮುಖ್ಯ ವಾದಗಳಲ್ಲಿ ಇದೂ ಒಂದು. ಇದಕ್ಕೆ ಮೊದಲು ಒಂದು ಉದಾಹರಣೆ: ಬರದ ಭಯದಿಂದ ನಮ್ಮ ಹಿರಿಯರು ಕೆರೆ ಕಟ್ಟಿಸಿದರು. ಅಷ್ಟಕ್ಕೇ ಕೆರೆಯ ನೀರು ಸುಳ್ಳಾಯಿತೇ? ಒಂದು ವಿಷಯವನ್ನು ಮನುಷ್ಯ ಯಾಕೆ ಹುಡುಕಿಕೊಂಡು ಹೋದ ಎಂಬುದು ಬೇರೆ, ಹುಡುಕಿದಾಗ ಅವನಿಗೆ ಏನು ಸಿಕ್ಕಿತು ಎಂಬುದು ಬೇರೆ. ಇನ್ನು ನರಕದ ಬೆಂಕಿ ತೋರಿಸಿ ಜನರನ್ನು ಹೆದರಿಸುವ ಪ್ರಸಂಗಿಗಳ ಮಾತು. ಅವರು ಇದ್ದಾರೆ, ಅವರು ಮಾಡುತ್ತಿರುವುದು ತಪ್ಪು. ಅವರ ಪರವಾಗಿ ನಾನು ಒಂದು ಮಾತನ್ನೂ ಆಡುವುದಿಲ್ಲ.

ಆದರೆ ರಸೆಲ್ ವಾದಕ್ಕೆ ನಿಜವಾದ ಉತ್ತರ ನಮ್ಮ ರೈಲು ಮಾರ್ಗದಲ್ಲೇ ಇದೆ. ಅಮ್ಮಸಂದ್ರದಿಂದ ತುಮಕೂರಿನ ಕಡೆ ಹೊರಟರೆ ನಿಟ್ಟೂರು ದಾಟಿ ಗುಬ್ಬಿ ಸಿಗುತ್ತದೆ. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ ಬಂದು ನೆಲೆ ಹೂಡಿದ್ದು ಅಲ್ಲಿ. ಈ ಪಂಥಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿ 1736ರ ಜನವರಿಯಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಹಡಗಿನಲ್ಲಿದ್ದ. ಆಕ್ಸ್‌ಫರ್ಡಿನಲ್ಲಿ ಓದಿದವನು, ದೀಕ್ಷೆ ಪಡೆದ ಪಾದ್ರಿ, ಅಮೆರಿಕದಲ್ಲಿ ಬೋಧನೆ ಮಾಡಲು ಹೊರಟವನು. ಬಿರುಗಾಳಿ ಎದ್ದು ಅಲೆ ಹಡಗಿನ ಮೇಲೇ ಬಂದು ಬಿತ್ತು, ದೊಡ್ಡ ಹಾಯಿ ಹರಿದು ಚೂರಾಯಿತು, ಇಂಗ್ಲಿಷರು ಕಿರುಚಾಡತೊಡಗಿದರು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಪಂಥದ ಬಡ ಜರ್ಮನ್ ಕ್ರೈಸ್ತರು ಮಾತ್ರ ಕೀರ್ತನೆ ಹಾಡುತ್ತಿದ್ದರು, ಅಷ್ಟಾದರೂ ಹಾಡು ನಿಲ್ಲಿಸಲಿಲ್ಲ. ನಿಮಗೆ ಹೆದರಿಕೆ ಆಗಲಿಲ್ಲವೇ, ನಿಮ್ಮ ಹೆಂಗಸರು ಮಕ್ಕಳಿಗೂ ಆಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಅವರನ್ನು ಕೇಳಿದ. ಇಲ್ಲ ಎಂದರು. ತನಗೆ ಸಾವಿನ ಭಯ ಇದೆ ಎಂಬುದನ್ನು ಅವನು ದಿನಚರಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿಟ್ಟ. ಎರಡು ವರ್ಷ ಕಳೆದು, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಆ ಮೊರಾವಿಯನ್ನರಲ್ಲಿ ಕಂಡಿದ್ದ ಭರವಸೆ ಅವನ ಎದೆಗೂ ಇಳಿಯಿತು.

ಪಾದ್ರಿಯ ಪಟ್ಟ, ಪಾಂಡಿತ್ಯ, ನೇಮನಿಷ್ಠೆ ಎಲ್ಲ ಇದ್ದಾಗಲೂ ವೆಸ್ಲಿಗೆ ಭಯ ಹೋಗಿರಲಿಲ್ಲ ಎಂಬುದನ್ನು ಗೆಳೆಯರು ಗಮನಿಸಬೇಕು. ಭಯವೇ ಧರ್ಮದ ಬಂಡವಾಳವಾಗಿದ್ದರೆ ಅದನ್ನು ಹೀಗೆ ಬಯಲಿಗಿಟ್ಟು ಪರೀಕ್ಷೆಗೆ ಒಡ್ಡುವವರು ಯಾರು?

ಎರಡನೆಯ ಆಕ್ಷೇಪವನ್ನು ಎತ್ತಿದವರು ತೆಂಗಿನ ತೋಟದವರು, ನನಗೆ ಬೇಕಾದ ಹಳೆಯ ಸ್ನೇಹಿತರು. "ನಿಮ್ಮ ದೇವರನ್ನು ನಂಬಿದವರ ತೋಟಕ್ಕೂ ನುಸಿ ಬಂತಲ್ಲ, ಅವರ ಬೋರಿನಲ್ಲೂ ನೀರು ಬತ್ತಿತಲ್ಲ, ಹಾಗಾದರೆ ನಂಬಿ ಸಿಕ್ಕಿದ್ದೇನು?" ಎಂದರು. ಬಂದ ಆಕ್ಷೇಪಗಳಲ್ಲೆಲ್ಲ ತೂಕದ್ದು ಇದು. ಇದಕ್ಕೆ ನಿಧಾನವಾಗಿಯೇ ಉತ್ತರಿಸಬೇಕು.

ತೆಂಗು ಬೆಳೆಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಭಯ ಒಂದೇಟಿಗೆ ಬಂದು ಹೋಗುವಂಥದ್ದಲ್ಲ. ಕೊಬ್ಬರಿಗೆಂದು ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಸಿಪ್ಪೆಸಮೇತ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಎನ್ನಬೇಕು. ಆಮೇಲೆ ಸುಲಿಸಬೇಕು, ಗಿಟುಕು ಸೀಳದಂತೆ ಚಿಪ್ಪು ಒಡೆಸಬೇಕು. ಅಷ್ಟು ದಿನವೂ ರೈತ ಮಲಗುವುದು ಅದೇ ಅಟ್ಟದ ಕೆಳಗೆ. ಮೇಲೆ ವರ್ಷದ ದುಡಿಮೆ, ತಲೆದಿಂಬಿನ ಕೆಳಗೆ ಸೊಸೈಟಿಯ ಸಾಲದ ಪಾಸ್‌ಬುಕ್ಕು. ಬೆಲೆ ನಿಲ್ಲುತ್ತದೋ ಬೀಳುತ್ತದೋ ಹೇಳುವವರಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗಿತ್ತು, ರೈತರು ಬೀದಿಗಿಳಿದರು. 2025ರ ಹೊತ್ತಿಗೆ ಅದೇ ಧಾರಣೆ ಆ ಬೆಂಬಲ ಬೆಲೆಯ ಇಮ್ಮಡಿ ದಾಟಿತು. ಹೆದರಿ ಮೊದಲೇ ಮಾರಿದವರು ಕೈ ಹಿಸುಕಿಕೊಂಡರು. ನುಸಿಯದೂ ಹೀಗೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದಾಗ ಅದು ಹಿಂದೂ ತೋಟ, ಕ್ರೈಸ್ತ ತೋಟ ಎಂದು ಭೇದ ಮಾಡಲಿಲ್ಲ.

ಕಷ್ಟ ಹಾಗೆ ಭೇದ ಮಾಡುತ್ತದೆ ಎಂದು ಸುವಾರ್ತೆ ಎಲ್ಲೂ ಹೇಳಿಲ್ಲ. ಯೇಸುಸ್ವಾಮಿಯ ಕೊನೆಯ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಡೆದದ್ದನ್ನು ಮಾರ್ಕನು ಬರೆದಿದ್ದಾನೆ, ಲೂಕನು ಬರೆದಿದ್ದಾನೆ. ಆತ ದಿಗಿಲುಗೊಂಡ, ಸಂಕಟಪಟ್ಟ, ಸ್ನೇಹಿತರು ಪಕ್ಕದಲ್ಲಿ ಎಚ್ಚರವಾಗಿರಲಿ ಎಂದು ಬಯಸಿದ, ಅವರು ನಿದ್ದೆ ಹೋದರು. ಈ ಕಷ್ಟ ತಪ್ಪಲಿ ಎಂದು ಬೇಡಿದ, ತಪ್ಪಲಿಲ್ಲ. ನಾವು ಆರಾಧಿಸುವ ದೇವರೇ ಭಯ ಎಂದರೇನೆಂದು ಒಳಗಿನಿಂದ ತಿಳಿದವನು. ಭಯಪಟ್ಟೆ ಎಂಬ ಕಾರಣಕ್ಕೆ ನಾನು ಅವನ ಮುಂದೆ ಅಪರಾಧಿಯಲ್ಲ, ಒಂಟಿಯೂ ಅಲ್ಲ. ಪೌಲನು ಫಿಲಿಪ್ಪಿಯವರಿಗೆ ಚಿಂತೆ ಬಿಡಿ, ದೇವರ ಸಮಾಧಾನ ನಿಮ್ಮನ್ನು ಕಾಯುತ್ತದೆ ಎಂಬ ಅರ್ಥದಲ್ಲಿ ಬರೆದಾಗ ಅವನು ಸೆರೆಯಲ್ಲಿದ್ದ, ಬದುಕುವೆನೋ ಸಾಯುವೆನೋ ಅವನಿಗೇ ಗೊತ್ತಿರಲಿಲ್ಲ.

ಸಿಕ್ಕಿದ್ದೇನು ಎಂದು ಕೇಳಿದ ಸ್ನೇಹಿತರು ಒಂದು ಸಲ ಮನೆ ಪ್ರಾರ್ಥನೆಗೆ ಬಂದು ಕೂರಲಿ. ಚಾಪೆ ಹಾಸುತ್ತಾರೆ, ಒಂದು ಕೀರ್ತನೆ ಹಾಡುತ್ತಾರೆ, ಆಮೇಲೆ ಯಾರಿಗೆ ಏನು ಭಾರ ಇದೆ ಎಂದು ಕೇಳುತ್ತಾರೆ. ಒಬ್ಬರು ಬ್ಯಾಂಕಿನ ನೋಟಿಸ್ ಎನ್ನುತ್ತಾರೆ, ಇನ್ನೊಬ್ಬರು ಮಗಳ ಸ್ಕ್ಯಾನಿಂಗ್ ರಿಪೋರ್ಟು ಎನ್ನುತ್ತಾರೆ. 1960ರ ದಶಕದಲ್ಲಿ ಶುರುವಾದ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ 2006ರಲ್ಲಿ ಜರ್ಮನಿಯ ಕಂಪನಿಯ ಕೈಗೆ ಹೋದಾಗ, ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕೂ ಇಂಥ ಚಾಪೆಗಳ ಮೇಲೆ ಬಾಯಿ ಬಿಟ್ಟಿತು. ಮರ್ಯಾದೆಗೆ ಅಂಜಿ ಹೆಂಡತಿಗೂ ಹೇಳದ ಮಾತನ್ನು ಗಂಡಸರು ಅಲ್ಲಿ ಹೇಳುತ್ತಾರೆ. ಕಣ್ಣು ಮುಚ್ಚಿ ಭಾರ ಹೇಳಿಕೊಂಡವರ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದಿಡುತ್ತಾರೆ. ಮುಂದಿನ ವಾರ ಬಾಗಿಲಲ್ಲೇ ಯಾರೋ ಒಬ್ಬರು "ಆ ನೋಟಿಸ್ ವಿಚಾರ ಏನಾಯ್ತು?" ಎಂದು ವಿಚಾರಿಸುತ್ತಾರೆ. ನೋಟಿಸ್ ಹಾಗೇ ಇರಬಹುದು. ಆದರೆ ಹೆದರಿದವನು ಹಗ್ಗ ಹುಡುಕದೆ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ಕೂತು ಮಾತಾಡಿ ಬಂದಿರುತ್ತಾನೆ. ಭಯ ಯಜಮಾನನಲ್ಲ ಎಂದು ನಾನು ಹೇಳಿದ್ದು ಇದನ್ನೇ.

ಮೂರನೆಯವರು ಧರ್ಮ ಜನರ ಅಫೀಮು ಎಂಬ ಮಾರ್ಕ್ಸ್‌ನ ಮಾತು ತಂದರು. ಅಫೀಮು ತಿಂದವನು ಎಲ್ಲಿದ್ದಾನೋ ಅಲ್ಲೇ ಬಿದ್ದಿರುತ್ತಾನೆ. ನಂಬಿದವರು ಹಾಗೆ ಬಿದ್ದಿರಲಿಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮದ ಪೆಟ್ಟಿಗೆ ಮೈಸೂರು ಸಂಸ್ಥಾನದ ಜನಸಂಖ್ಯೆ ಕುಸಿಯಿತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಎಣಿಕೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ತಂದೆತಾಯಿ ಸತ್ತ ಮಕ್ಕಳಿಗಾಗಿ ತುಮಕೂರು, ಹಾಸನಗಳಲ್ಲಿ ಅನಾಥಾಲಯ ತೆರೆದವರು ಇದೇ ವೆಸ್ಲಿಯನ್ನರು. ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗೆಂದು 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಕಟ್ಟಿದವರೂ ಅವರೇ. ಅಮಲಿನಲ್ಲಿ ಮಲಗಿದವರು ಮಾಡುವ ಕೆಲಸ ಇದಲ್ಲ.

"ಹೌದು, ಆ ಅನಾಥ ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡಿದಿರಲ್ಲ. ಕಷ್ಟದಲ್ಲಿದ್ದವರ ಭಯ ಬಳಸಿಕೊಳ್ಳುವುದೇ ನಿಮ್ಮ ದಾರಿ, ಇದು ಪರದೇಶದ ಸರಕು" ಎನ್ನುವುದು ನಾಲ್ಕನೆಯ ಮಾತು. ಸಾಕಿದ ಮಿಷನ್ ತನ್ನ ನಂಬಿಕೆಯಲ್ಲೇ ಅವರನ್ನು ಬೆಳೆಸಿತು, ನಿಜ. ಅನ್ನ ಕೊಟ್ಟ ಕೈ ಎಳೆಯ ಮನಸ್ಸನ್ನೂ ತಿದ್ದುತ್ತದೆ, ಅಲ್ಲಿ ಎಚ್ಚರ ಬೇಕಿತ್ತು ಎಂಬ ಟೀಕೆಯನ್ನು ಒಪ್ಪುತ್ತೇನೆ. ಹಸಿದವನಿಗೆ ಷರತ್ತು ಹಾಕಿ ಅನ್ನ ಕೊಡುವುದು ಪಾಪ, ಯಾರು ಮಾಡಿದರೂ. ಆದರೆ ಬರಗಾಲದ ಗಂಜಿ ಬತ್ತಿ ಒಂದೂವರೆ ಶತಮಾನವಾಗುತ್ತ ಬಂತು. ಆ ಅನಾಥರ ಮರಿಮಕ್ಕಳ ಮಕ್ಕಳು ಇಂದಿಗೂ ಭಾನುವಾರ ದೇವಾಲಯಕ್ಕೆ ಬರುತ್ತಿದ್ದರೆ ಅವರನ್ನು ಹಿಡಿದಿಟ್ಟಿರುವುದು ಗಂಜಿಯಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ ಇಬ್ಬರೂ ಇರಲಿಲ್ಲ. ಲಾಭದ ಲೆಕ್ಕ ಹಾಕುವವರು ಇಷ್ಟು ಸಣ್ಣ ಗುಂಪಿನಲ್ಲಿ ತಲೆಮಾರುಗಟ್ಟಲೆ ನಿಲ್ಲುವುದಿಲ್ಲ.

ಪರದೇಶದ್ದು ಎನ್ನುವವರಿಗೆ ಉತ್ತಂಗಿ ಚನ್ನಪ್ಪನವರನ್ನು ನೆನಪಿಸುತ್ತೇನೆ. ಬಾಸೆಲ್ ಮಿಷನ್ನಿನ ಸಭಾಪಾಲಕರು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಕನ್ನಡಿಗರ ಕೈಗಿಟ್ಟವರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಕ್ರಿಸ್ತನಲ್ಲಿ ನೆಮ್ಮದಿ ಕಾಣಲು ಅವರು ವಚನಗಳ ಪ್ರೀತಿಯನ್ನು ಬಿಡಬೇಕಾಗಲಿಲ್ಲ. ಎಡೆಯೂರಿನ ಸಿದ್ಧಲಿಂಗೇಶ್ವರರ ಗದ್ದುಗೆಯ ಮುಂದೆ ನಿಂತು ನೆಮ್ಮದಿ ಪಡೆಯುವ ನನ್ನ ನೆರೆಯವರ ಅನುಭವ ಸುಳ್ಳು ಎಂದು ನಾನೂ ಎಂದೂ ಹೇಳಿಲ್ಲ. ನಾನು ಕಂಡದ್ದನ್ನು ಹೇಳುತ್ತಿದ್ದೇನೆ, ಅದಕ್ಕೆ ಇದೇ ಮಣ್ಣಿನಲ್ಲಿ ನನಗೂ ಹಕ್ಕಿದೆ.

ಇನ್ನು ನಮ್ಮ ಸಭೆಯವರ ಆಕ್ಷೇಪ. "ನಂಬಿಕೆ ಗಟ್ಟಿಯಿದ್ದರೆ ಭಯವೇ ಬರಬಾರದು. ಬಂದರೆ ಪ್ರಾರ್ಥನೆ ಸಾಲದು ಎಂದರ್ಥ. ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುವುದು ಅಪನಂಬಿಕೆ, ನೀವು ಅದಕ್ಕೆ ಬೆಂಬಲ ಕೊಡುತ್ತೀರಿ." ಉಳಿದ ನಾಲ್ವರ ಮಾತಿಗಿಂತ ಈ ಮಾತಿಗೆ ನಾನು ಹೆಚ್ಚು ನೊಂದೆ. ಯಾಕೆಂದರೆ ಇದರಿಂದ ಜೀವ ಹೋಗುತ್ತದೆ.

ಇದಕ್ಕೆ ಉತ್ತರ ಸ್ಟ್ಯಾನ್ಲಿ ಜೋನ್ಸ್‌ನ ಬದುಕಿನಲ್ಲಿದೆ. ಅವನು ವೆಸ್ಲಿಯ ಪರಂಪರೆಯವನೇ, 1907ರಲ್ಲಿ ಭಾರತಕ್ಕೆ ಬಂದ ಮೆಥಡಿಸ್ಟ್ ಮಿಷನರಿ. ಕೆಲವೇ ವರ್ಷಗಳಲ್ಲಿ ನರಗಳು ಸೋತು ಮತ್ತೆಮತ್ತೆ ಕುಸಿದ. ಲಖನೌದ ಒಂದು ದೇವಾಲಯದಲ್ಲಿ ಪ್ರಾರ್ಥಿಸುವಾಗ ತನಗೆ ದೊಡ್ಡ ಶಾಂತಿ ದೊರೆಯಿತು, ಬಲ ಮರಳಿತು ಎಂದು ಸಾಯುವವರೆಗೂ ಸಾರಿದ. ನಮ್ಮ ಸಭೆಗಳಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಮನುಷ್ಯ 1950ರಲ್ಲಿ ಅದೇ ಲಖನೌನಲ್ಲಿ ನೂರ್ ಮಂಜಿಲ್ ಎಂಬ ಮನೋವೈದ್ಯಕೀಯ ಕೇಂದ್ರ ಸ್ಥಾಪಿಸಿದ. ಪ್ರಾರ್ಥನೆಯಲ್ಲಿ ಗುಣ ಕಂಡವನು ಇತರರಿಗಾಗಿ ಡಾಕ್ಟರುಗಳನ್ನು ಕರೆಸಿದ, ಅದರಲ್ಲಿ ಅವನಿಗೆ ಅಪನಂಬಿಕೆ ಕಾಣಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮನೋರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ತಂದ ಡಾ. ಫ್ಲಾರೆನ್ಸ್ ನಿಕೋಲ್ಸ್ ಕೂಡ ಮಿಷನರಿಯೇ. ಎದೆ ಡವಗುಟ್ಟಿ, ಉಸಿರು ಸಿಗದೆ, ನಿದ್ದೆ ಬಾರದೆ ವಾರಗಟ್ಟಲೆ ನರಳುವುದು ಕಾಯಿಲೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಪಾಸ್ಟರು ಇದಕ್ಕೆ ಮಾತ್ರೆ ಬೇಡ ಎನ್ನುವುದು ಯಾವ ನ್ಯಾಯ? ಗೆತ್ಸೇಮನೆಯಲ್ಲಿ ಬೆವರಿದವನನ್ನು ನಂಬಿಕೆ ಸಾಲದವನು ಎನ್ನುತ್ತೀರಾ?

ಪ್ರಾರ್ಥನೆಯೊಂದರಿಂದಲೇ ಕಾಯಿಲೆ ಬಿಡುತ್ತದೆ ಎನ್ನುವವರಿಗೆ ಇನ್ನೊಂದು ಮಾತು. ವಿಚಾರವಾದಿ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ವೇದಿಕೆಯ ಮೇಲೆ ತಲೆ ಮುಟ್ಟಿ ಕಾಯಿಲೆ ಬಿಡಿಸುತ್ತೇವೆ ಎನ್ನುವ ನಮ್ಮವರೂ ಅಂಥ ಪರಿಶೀಲನೆಗೆ ಒಪ್ಪಲಿ. ಸತ್ಯಕ್ಕೆ ಅದರಿಂದ ನಷ್ಟವಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಪ್ರಯೋಗದ ಫಲವಾಗಿ ಮಾನಸಿಕ ಆರೋಗ್ಯದ ಚಿಕಿತ್ಸೆ ಈಗ ಜಿಲ್ಲಾ ಆಸ್ಪತ್ರೆಯವರೆಗೆ ಬಂದಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಸೀಮೆಯ ಸಭಾಪಾಲಕರಲ್ಲಿ ನನ್ನ ಬೇಡಿಕೆ ಒಂದೇ: ಬರುವ ಭಾನುವಾರ ಪ್ರಸಂಗ ಮುಗಿಸುವ ಮೊದಲು ಆ ನಂಬರನ್ನು ಜೋರಾಗಿ ಓದಿ ಹೇಳಿ, ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಯಾರೂ ನಿಲ್ಲಿಸಬೇಡಿ ಎಂದು ಹೇಳಿ, ಆಮೇಲೆ ಹಾಗೆ ನರಳುವವರಿಗಾಗಿ ಪ್ರಾರ್ಥಿಸಿ.