ಬಸವಣ್ಣನವರ ನಾಣ್ಯದಲ್ಲಿ ಕನ್ನಡ ಎಲ್ಲಿ?

ಕನ್ನಡದ ತರುಣರೇ, 2006ರಲ್ಲಿ ಕೇಂದ್ರ ಸರ್ಕಾರ ಬಸವಣ್ಣನವರ ನೆನಪಿಗೆ 5 ರೂಪಾಯಿ ನಾಣ್ಯ ಹೊರಡಿಸಿತು. ಕೈಗೆ ಸಿಕ್ಕರೆ ತಿರುಗಿಸಿ ನೋಡಿ. ಹೆಸರು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ಕನ್ನಡ? ಒಂದಕ್ಷರವೂ ಇಲ್ಲ! ಸಂಸ್ಕೃತ ಬಿಟ್ಟು ಜನರ ಮಾತಿನಲ್ಲಿ ವಚನ ಹೇಳಿದವರು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು. ಆ ಭಂಡಾರಿಯ ನಾಣ್ಯಕ್ಕೇ ಅವರ ನುಡಿ ಬೇಡವಾಯಿತೇ?

ನಾಣ್ಯ ಚಿಕ್ಕದು, ಜಾಗ ಸಾಲದು ಎನ್ನುತ್ತಾರೆ. ಅಕ್ಷರದ ಅಳತೆಯನ್ನು ಪ್ರೆಸ್ಸಿನವನಿಗೆ ಹೇಳಿಕೊಡಬೇಡಿ! ಬೀಡಿ ಕಟ್ಟಿನ ಲೇಬಲ್ಲಿಗೆ ಮೂರು ಭಾಷೆ ಕೂರಿಸಿದ ಕೈ ಇದು. ಹೋಗಲಿ, ನನ್ನ ಮಾತು ಬಿಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು ನೋಡಿ. ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಒಂದೇ ಕಾಸಿನಲ್ಲಿವೆ. ಬ್ರಿಟಿಷರ ಹಿಡಿತದಲ್ಲಿದ್ದ ಅರಸರಿಗೆ ಸಾಧ್ಯವಾದದ್ದು ಸ್ವತಂತ್ರ ಭಾರತದ ದೆಹಲಿಗೆ ಆಗದೇ?

ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಹಾಕುವಂತಿಲ್ಲ ಎಂಬುದೂ ಬರೀ ನೆಪ. 2009ರ ಅಣ್ಣಾದೊರೈ ನಾಣ್ಯದಲ್ಲಿ ಅವರ ತಮಿಳು ಸಹಿ ಇದೆ. 2024ರ ಕರುಣಾನಿಧಿ ನಾಣ್ಯದಲ್ಲಿ ತಮಿಳು ಗೆಲ್ಲುತ್ತದೆ ಎಂಬ ಮಾತು ತಮಿಳಿನಲ್ಲೇ ಅಚ್ಚಾಗಿದೆ. ಹೊಟ್ಟೆಕಿಚ್ಚಿಲ್ಲ, ಅವರಿಗೆ ಸಿಕ್ಕಿದ್ದು ಸರಿಯೇ. ನಮಗೇಕಿಲ್ಲ?

2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯದ ವಿನ್ಯಾಸ ಗೊತ್ತುಮಾಡುವುದು ಕೇಂದ್ರ ಸರ್ಕಾರವೇ. ಸಂವಿಧಾನ ತಿದ್ದಬೇಕಿಲ್ಲ, ಒಂದು ಅಧಿಸೂಚನೆ ಸಾಕು. ನಿಮ್ಮ ಸಂಸದರು ಓಟು ಕೇಳಲು ಬಾಗಿಲಿಗೆ ಬಂದಾಗ ಆ ಐದು ರೂಪಾಯಿಯನ್ನು ಅವರ ಅಂಗೈಗೆ ಹಾಕಿ. ಇದರಲ್ಲಿ ಕನ್ನಡ ಹುಡುಕಿಕೊಡಿ ಸ್ವಾಮಿ, ಆಮೇಲೆ ಓಟಿನ ಮಾತು ಅನ್ನಿ.