ಅಂಗಡಿ ಕಟ್ಟೆಯಿಂದ: ಔಷಧವೆಂದು ಮಾರಿದ್ದು

ಕಳೆದ ತಿಂಗಳು ಉದ್ರಿ ಲೆಕ್ಕದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಅಕ್ಕಲಕೋಟೆ ಕಡೆಯ ಶ್ರಾವಿಕೆಯೊಬ್ಬರು ಪತ್ರ ಬರೆದು, "ನೀವು ಬೀಜ-ಗೊಬ್ಬರದ ಅಂಗಡಿಯವರು, ಕೀಟನಾಶಕವನ್ನೂ ಮಾರುವವರು. ವಿಷವಾಣಿಜ್ಯದ ಬಗ್ಗೆ ಮಾತ್ರ ಒಂದಕ್ಷರ ಬರೆಯುವುದಿಲ್ಲವಲ್ಲ?" ಎಂದು ಕೇಳಿದ್ದಾರೆ. ಕೇಳಿದ್ದು ಸರಿಯಾಗಿಯೇ ಇದೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕೆಂದು ಹೇಳಿದ ಹದಿನೈದು ಕಸುಬುಗಳಲ್ಲಿ ವಿಷದ ವ್ಯಾಪಾರವೂ ಒಂದು. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಈ ಮಾತು ಬರುತ್ತದೆ. ಆದರೆ ನಮ್ಮ ಜತ್ತ ಸೀಮೆಯಲ್ಲಿ ಅದನ್ನು ವಿಷವೆಂದು ಯಾರೂ ಕರೆಯುವುದಿಲ್ಲ. "ತೊಗರಿಗೆ ಔಷಧ ಹೊಡಿಬೇಕು ಸಾವ್ಕಾರ್ರ" ಎನ್ನುತ್ತಾರೆ. ನಾವೂ ಔಷಧವೆಂದೇ ಮಾರಿದೆವು.

2012ರಲ್ಲಿ ತೊಗರಿ ಹೂವಿಗೆ ಬಂದ ಕಾಲ. ನಮ್ಮ ಹಳೆಯ ಗಿರಾಕಿಯೊಬ್ಬರ ಮಗ, ಇಪ್ಪತ್ತೆರಡರ ಹುಡುಗ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆನ್ನ ಮೇಲಿನ ಪಂಪಿನಿಂದ ಹೊಡೆದಿದ್ದಾನೆ. ಪಂಪು ಸೋರಿ ಅಂಗಿ ಬೆನ್ನಿಗೆ ಅಂಟಿತ್ತು. ಮನೆಗೆ ಬಂದವನಿಗೆ ಬೆವರು, ಬಾಯಿತುಂಬ ಜೊಲ್ಲು, ವಾಂತಿ. ಹತ್ತಿರದ ದವಾಖಾನೆಯೊಂದರಲ್ಲಿ ಬಿಸಿಲು ಬಡಿದಿದೆ ಎಂದು ಸಲಾಯಿನ್ ಹಚ್ಚಿ ಕಳಿಸಿದರು. ಮನೆಯವರು ಉಪ್ಪುನೀರು ಕುಡಿಸಿದರು. ಸಂಜೆಗೆ ಉಸಿರು ಗೊರಗೊರ ಎನ್ನತೊಡಗಿದಾಗ ಜೀಪಿನಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದರು. ಆಗಲೂ ಮೈಮೇಲೆ ಅದೇ ಅಂಗಿ.

ರಾತ್ರಿ ಎಂಟಕ್ಕೆ ನಮ್ಮ ಮನೆಯ ಫೋನು ಬಡಿಯಿತು. "ಸಾವ್ಕಾರ್ರ, ಡಾಕ್ಟರು ಔಷಧದ ಹೆಸರು ಕೇಳಾಕತ್ತಾರ. ಬಾಟ್ಲಿ ನಮ್ಮಾಕಿ ಬಾವ್ಯಾಗ ಒಗದಾಳ್ರಿ." ಪೊಲೀಸ್ ಕೇಸು ಆದೀತೆಂಬ ಹೆದರಿಕೆಯಿಂದ ಆ ತಾಯಿ ಹಾಗೆ ಮಾಡಿದ್ದಳು. ನಾವು ಅಂಗಡಿ ತೆಗೆದು ಬಿಲ್ ಪುಸ್ತಕದ ಕಾರ್ಬನ್ ಪ್ರತಿ ಹುಡುಕಿದೆವು. ಮೊನೊಕ್ರೊಟೊಫಾಸ್, 36 ಪರ್ಸೆಂಟ್. ಒಂದೊಂದೇ ಅಕ್ಷರ ಫೋನಿನಲ್ಲಿ ಓದಿ ಹೇಳಿದೆವು. ಬಿಲ್ಲು ಬೇಡವೆನ್ನುವ ಗಿರಾಕಿಗಳು, ಕೊಡದ ಅಂಗಡಿಕಾರರು ಇಬ್ಬರೂ ನಮ್ಮಲ್ಲಿ ಇದ್ದಾರೆ. ಅಂಥವರಿಗೆ ಅಂದಿನಿಂದ ಈ ಕಥೆಯನ್ನೇ ಹೇಳುತ್ತ ಬಂದಿದ್ದೇವೆ.

ಮರುದಿನ ಬೆಳಿಗ್ಗೆ ನಾವೇ ಹೋದೆವು. ಡಾಕ್ಟರು ಹೆಸರಿಗೆ ಕಾಯದೆ, ಸೂಜಿಮೊನೆಯಷ್ಟಾಗಿದ್ದ ಕಣ್ಣಪಾಪೆ, ನಿಧಾನವಾದ ನಾಡಿ, ಎದೆಯೊಳಗಿನ ಗೊರಗೊರ ನೋಡಿಯೇ ಚಿಕಿತ್ಸೆ ಶುರು ಮಾಡಿದ್ದರಂತೆ. ಮೊದಲು ಆಮ್ಲಜನಕ. ಆಮೇಲೆ ಬಟ್ಟೆ ಕತ್ತರಿಸಿ ತೆಗೆದು, ತಲೆಗೂದಲಿನಿಂದ ಉಗುರಿನ ಸಂದಿಯವರೆಗೆ ಸಾಬೂನು ಹಚ್ಚಿ ತೊಳೆದರು. "ಈ ಕೆಲಸ ಹೊಲದಲ್ಲೇ ಆಗಿದ್ದರೆ ಅರ್ಧ ವಿಷ ಮೈಗೆ ಇಳಿಯುತ್ತಲೇ ಇರಲಿಲ್ಲ" ಎಂದರು ಡಾಕ್ಟರು. ಉಪ್ಪುನೀರಿನ ಮಾತಿಗೆ ಅವರಿಗೆ ಸಿಟ್ಟೇ ಬಂತು. ಚರ್ಮದಿಂದ ಹೋದ ವಿಷ ವಾಂತಿಯಿಂದ ಬರುವುದಿಲ್ಲ. ನುಂಗಿದವರಿಗೂ ಮನೆಯಲ್ಲಿ ವಾಂತಿ ಮಾಡಿಸಬಾರದು, ಅದು ಶ್ವಾಸನಾಳಕ್ಕೆ ಹೊಕ್ಕರೆ ಇನ್ನೊಂದು ಗಂಡಾಂತರ. ಹೊಟ್ಟೆ ತೊಳೆಯುವುದೂ ನುಂಗಿದ ಒಂದೆರಡು ತಾಸಿನೊಳಗೆ, ಆಸ್ಪತ್ರೆಯಲ್ಲಿ ಮಾತ್ರ.

ಈ ಜಾತಿಯ ಕೀಟನಾಶಕಕ್ಕೆ ಮುಖ್ಯ ಮದ್ದು ಅಟ್ರೋಪಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಗಾಜಿನ ಕುಪ್ಪಿಯಲ್ಲಿ 0.6 ಮಿಲಿಗ್ರಾಂ ಇರುತ್ತದೆ. ದೊಡ್ಡವರಿಗೆ ಮೊದಲ ಸಲವೇ ಮೂರರಿಂದ ಐದು ಕುಪ್ಪಿ, ಐದು ನಿಮಿಷದಲ್ಲಿ ಎದೆ ಒಣಗದಿದ್ದರೆ ಅದರ ದುಪ್ಪಟ್ಟು, ಮತ್ತೆ ದುಪ್ಪಟ್ಟು. ಹುಡುಗನ ಕಾಕಾ ರಾತ್ರಿಯೆಲ್ಲ ಔಷಧಿ ಅಂಗಡಿಗಳ ಬಾಗಿಲು ಬಡಿದು ಡಬ್ಬಿ ಡಬ್ಬಿ ತಂದಿದ್ದ. ನಾವು ಹೋದಾಗ ಹುಡುಗನ ಮುಖ ಕೆಂಪಾಗಿ, ಕಣ್ಣಪಾಪೆ ಅರಳಿ, ಹೊದಿಕೆ ಕೀಳುತ್ತ ಏನೇನೋ ಬಡಬಡಿಸುತ್ತಿದ್ದ. ಕೈಕಾಲು ಕಟ್ಟಿದ್ದರು. ತಾಯಿ "ನನ್ನ ಮಗಗ ಹುಚ್ಚು ಹಿಡೀತ್ರೀ" ಎಂದು ಗೋಳಾಡುತ್ತಿದ್ದಳು. ಹುಚ್ಚಲ್ಲ, ಅದು ಅಟ್ರೋಪಿನ್ ಹೆಚ್ಚಾದುದರ ಲಕ್ಷಣ. ಪ್ರಮಾಣ ಇಳಿಸಿದರೆ ಹೋಗುತ್ತದೆ ಎಂದು ನರ್ಸಮ್ಮ ಸಮಾಧಾನ ಹೇಳಿದಳು, ಸಂಜೆಗೆ ಹೋಯಿತು ಕೂಡ.

ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದನ್ನೂ ಕೊಟ್ಟರು. ನಮ್ಮದೇ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ಇದರ ಪರೀಕ್ಷೆ ನಡೆದು, ಹೆಚ್ಚು ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಗುಣವಿದೆ ಎಂದು 2006ರಲ್ಲಿ ಪ್ರಕಟವಾಯಿತು. 2009ರ ಶ್ರೀಲಂಕಾದ ಪರೀಕ್ಷೆಯಲ್ಲಿ ಅಂಥ ಗುಣ ಕಾಣಲಿಲ್ಲ. ಡಾಕ್ಟರುಗಳಲ್ಲೇ ಒಮ್ಮತವಿಲ್ಲದ ಮಾತಿನಲ್ಲಿ ಮ್ಯಾಟ್ರಿಕ್ ಓದಿದ ನಾವು ಬಾಯಿ ಹಾಕುವುದು ಬೇಡ.

ಮುಖ್ಯವಾಗಿ ಬರೆಯಬೇಕೆಂದದ್ದು ಮೂರನೆಯ ದಿನದ ಸಂಗತಿ. ಹುಡುಗ ಎಚ್ಚರಾಗಿ ಗಂಜಿ ಕೇಳಿದ. ತಂದೆ ಖರ್ಚಿನ ಲೆಕ್ಕ ಹಾಕಿ, ಡಿಸ್ಚಾರ್ಜ್ ಮಾಡಿರೆಂದು ಹಟ ಹಿಡಿದರು. ನಾವೂ "ಹುಡುಗ ಅರಾಮ ಆಗ್ಯಾನಲ್ರೀ ಡಾಕ್ಟ್ರ" ಎಂದೆವು. ಅವರು ಉತ್ತರ ಕೊಡದೆ ಹುಡುಗನಿಗೆ, "ದಿಂಬಿನಿಂದ ತಲೆ ಎತ್ತಪ್ಪಾ" ಎಂದರು. ಎತ್ತಲಾಗಲಿಲ್ಲ. ಒಂದು ದಿನದಿಂದ ನಾಲ್ಕು ದಿನದ ನಡುವೆ ಹೀಗೆ ಕುತ್ತಿಗೆಯ ಬಲ ಹೋಗಿ, ಅದರ ಹಿಂದೆಯೇ ಉಸಿರಾಟದ ಸ್ನಾಯುಗಳೂ ಸೋಲುವುದುಂಟು. ಇದಕ್ಕೆ ಅಟ್ರೋಪಿನ್ ನಡೆಯುವುದಿಲ್ಲ, ಉಸಿರಾಟದ ಯಂತ್ರವೇ ಬೇಕು. ಅಂದೇ ರಾತ್ರಿ ಗಂಟಲಿಗೆ ನಳಿಗೆ ಹಾಕಿದರು. ಹನ್ನೊಂದು ದಿನ ಯಂತ್ರದ ಮೇಲಿದ್ದ. ನಮ್ಮ ಮಾತು ಕೇಳಿ ಮನೆಗೆ ಕರೆತಂದಿದ್ದರೆ ಜೀಪಿನಲ್ಲೇ ಮುಗಿಯುತ್ತಿತ್ತು. ಹತ್ತೊಂಬತ್ತನೆಯ ದಿನ ಹುಡುಗ ನಡೆದುಕೊಂಡು ಹೊರಗೆ ಬಂದ.

ಪೊಲೀಸರ ಹೆದರಿಕೆಯ ಬಗ್ಗೆ ಒಂದು ಮಾತು. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ. ಮನಸ್ಸು ಕೆಟ್ಟು ತಾನಾಗಿ ಕುಡಿದವನನ್ನೂ ತೀವ್ರ ಒತ್ತಡದಲ್ಲಿದ್ದವನೆಂದು ತಿಳಿದು ಉಪಚರಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಬಾಟಲಿ ಬಾವಿಗೆ ಹೋಗಬಾರದು, ರೋಗಿಯ ಜೊತೆ ಆಸ್ಪತ್ರೆಗೆ ಹೋಗಬೇಕು. ಯಾವ ವಿಷಕ್ಕೆ ಯಾವ ಮದ್ದೆಂದು ಚೀಟಿಯಲ್ಲೇ ಅಚ್ಚಾಗಿರುತ್ತದೆ.

ಕಾಳಿನ ಅಡತಿ ಇರುವ ನಮ್ಮ ಬಂಧುಗಳು ಗೋದಾಮಿನ ಗುಳಿಗೆಯನ್ನು, ಅಂದರೆ ಅಲ್ಯೂಮಿನಿಯಂ ಫಾಸ್ಫೈಡನ್ನು, ಮನೆಯ ಗೋಧಿ ಡಬ್ಬಿಗೂ ಹಾಕುತ್ತಾರೆ. ದಯವಿಟ್ಟು ಬೇಡ. ತೇವ ತಗಲಿದರೆ ಅದರಿಂದ ವಿಷದ ಗಾಳಿ ಹೊರಡುತ್ತದೆ, ಮಕ್ಕಳು ಮಲಗುವ ಕೋಣೆಗೆ ಹೊಕ್ಕರೆ ತಿಳಿಯುವುದೂ ಇಲ್ಲ. ಅದಕ್ಕೆ ಮದ್ದಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಇಲ್ಲ.

2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಸಿಕ್ಕಿದ್ದು ಅದೇ ಮೊನೊಕ್ರೊಟೊಫಾಸ್. ಪತ್ರಿಕೆ ಓದಿದ ದಿನವೇ ಕಪಾಟಿನಲ್ಲಿದ್ದ ಮಾಲನ್ನು ಕಂಪನಿಗೆ ತಿರುಗಿ ಕಳಿಸಿದೆವು. ಸರಕಾರ ಅದನ್ನು ನಿಷೇಧಿಸಿದ್ದು 2023ರಲ್ಲಿ. ಉಳಿದ ಔಷಧಗಳನ್ನು ಬಿಟ್ಟೆವೇ ಎಂದು ಪತ್ರ ಬರೆದ ಅಕ್ಕ ಕೇಳಿದರೆ, ಇಲ್ಲ. ಅಂಗಡಿ ಈಗ ಮಗನ ಕೈಯಲ್ಲಿದೆ, ಕೆಂಪು ತ್ರಿಕೋನದ ಮಾಲು ತರುವುದಿಲ್ಲ, ಹಳದಿಯದು ಇನ್ನೂ ಇದೆ. ಇದರ ಬಗ್ಗೆ ನಮ್ಮ ಮನೆಯಲ್ಲಿ ವಾದ ಮುಗಿದಿಲ್ಲ.

ಆ ವರ್ಷದ ಕ್ಷಮಾವಣಿಯ ದಿನ ನಾವು ಆ ಹುಡುಗನ ಮನೆಗೆ ಹೋಗಿ ಕೈಮುಗಿದೆವು. ಅವರು ಜೈನರಲ್ಲ, ಏಕೆ ಬಂದೆವೆಂದು ಮೊದಲು ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ತಾಯಿ, "ನೀವೇನ್ ಮಾಡೀರಿ ಸಾವ್ಕಾರ್ರ, ಸೋರೋ ಪಂಪು ನಮ್ದು" ಎಂದಳು. ಹೊತ್ತು ಮುಳುಗುವ ಮೊದಲೇ ಚಹಾ ಕುಡಿದು ಹೋಗಿರೆಂದು ಒಲೆ ಹಚ್ಚಿದಳು.